ರಟ್ಟಿನ ಹಲಗೆ, ಅಂಗಿಯ ಗುಂಡಿ ಮತ್ತು 39 ಅಂಕಿಯ ಒಂದು ಅವಿಭಾಜ್ಯ ಸಂಖ್ಯೆ

170141183460469231731687303715884105727.

ಈ ಸಂಖ್ಯೆಯಲ್ಲಿ 39 ಅಂಕಿಗಳಿವೆ. 127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಇದು ಸಿಗುತ್ತದೆ. ಚಿಕ್ಕದಾಗಿ ಬರೆದರೆ 2¹²⁷ − 1. ಇದು ಅವಿಭಾಜ್ಯ ಅಂತ 1876ರಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ ತೋರಿಸಿದರು. ಆಗ ಕಂಪ್ಯೂಟರ್ ಇರಲಿಲ್ಲ. 2, 3, 5, 7 ಅಂತ ಒಂದೊಂದರಿಂದಲೇ ಭಾಗಿಸುತ್ತಾ ಹೋದರೆ ಈ ಸಂಖ್ಯೆಯ ವರ್ಗಮೂಲದ ತನಕ ಹೋಗಬೇಕು. ಆ ವರ್ಗಮೂಲ ಸುಮಾರು 13ರ ಮುಂದೆ 18 ಸೊನ್ನೆ. ಒಂದು ಜನ್ಮದಲ್ಲಿ ಮುಗಿಯುವ ಕೆಲಸ ಅಲ್ಲ.

ಲ್ಯೂಕಾ ಬೇರೆ ದಾರಿ ಹಿಡಿದರು. ಚದುರಂಗದ ಹಲಗೆಯಂಥ ಚೌಕಗಳಲ್ಲಿ ಕಾಯಿ ಇಟ್ಟು ದ್ವಿಮಾನದ, ಅಂದರೆ 0 ಮತ್ತು 1 ಮಾತ್ರ ಬಳಸುವ, ಲೆಕ್ಕ ಮಾಡುವ ಕ್ರಮ ಅವರಿಗೆ ಗೊತ್ತಿತ್ತು. ಅದನ್ನು ಓದಿದ ದಿನದಿಂದ ನನಗೆ ಒಂದೇ ಆಸೆ. ಸೂತ್ರವನ್ನು ನಂಬುವುದು ಬೇರೆ. ಕಾಯಿ ಸರಿಸುತ್ತಾ, ಒಂದು ಸಂಖ್ಯೆ ಅವಿಭಾಜ್ಯ ಆಗಿರುವುದನ್ನು ಕಣ್ಣಿಂದ ನೋಡುವುದು ಬೇರೆ. ಹಾಗಾಗಿ ಹಲಗೆ ಮಾಡಲು ಕೂತೆ. ಏನು ಮಾಡಿದೆ, ಎಲ್ಲಿ ಕೆಟ್ಟಿತು, ಹೇಗೆ ಸರಿಯಾಯಿತು ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನಿಯಮ

ನಿಯಮ ತುಂಬಾ ಸರಳ. ಒಂದು ಬೆಸ ಅವಿಭಾಜ್ಯ ಸಂಖ್ಯೆ p ತೆಗೆದುಕೊಳ್ಳಿ. ಪರೀಕ್ಷೆ ಮಾಡಬೇಕಾದ ಸಂಖ್ಯೆ 2ᵖ − 1. 4ರಿಂದ ಶುರು ಮಾಡಿ. ಅದರ ವರ್ಗ ಮಾಡಿ, 2 ಕಳೆಯಿರಿ, 2ᵖ − 1ರಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಇದು ಒಂದು ಸುತ್ತು. ಇಂಥ p − 2 ಸುತ್ತು ಮಾಡಿ. ಕೊನೆಗೆ 0 ಬಂದರೆ 2ᵖ − 1 ಅವಿಭಾಜ್ಯ. ಬರದಿದ್ದರೆ ಅಲ್ಲ. ನಡುವೆ ಅನುಮಾನಕ್ಕೆ ಜಾಗವೇ ಇಲ್ಲ. ಮೂಲ ವಿಚಾರ ಲ್ಯೂಕಾ ಅವರದು. 4ರಿಂದ ಶುರು ಮಾಡುವ ಈ ಅಚ್ಚುಕಟ್ಟಾದ ರೂಪ ಕೊಟ್ಟವರು ಡಿ. ಎಚ್. ಲೆಹ್ಮರ್, 1930ರಲ್ಲಿ.

p = 7 ಆದಾಗ ಸಂಖ್ಯೆ 127. ಕಾಗದದ ಮೇಲೆ ಮಾಡಿದರೆ ಹೀಗೆ ಬರುತ್ತದೆ: 4, 14, 67, 42, 111, 0. ಐದು ಸುತ್ತು, ಕೊನೆಗೆ ಸೊನ್ನೆ. 127 ಅವಿಭಾಜ್ಯ. ಇದನ್ನೇ ಹಲಗೆಯ ಮೇಲೆ ತರಬೇಕಿತ್ತು.

7 ಮನೆಯ ಹಲಗೆ

ದಪ್ಪ ರಟ್ಟಿನ ಮೇಲೆ 3 ಸೆಂಟಿಮೀಟರಿನ ಚೌಕಗಳನ್ನು ಗೀಚಿದೆ. ಅಡ್ಡಕ್ಕೆ 7 ಮನೆ, ಉದ್ದಕ್ಕೆ 8 ಸಾಲು. ಎಂಟನೆಯ ಸಾಲು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಕಾಯಿಗಳಿಗೆ ಹಳೆಯ ಅಂಗಿಗಳಿಂದ ಕಿತ್ತ ಗುಂಡಿಗಳು ಸಾಕಾದವು.

ಬಲಗಡೆಯ ಕೊನೆಯ ಕಂಬಕ್ಕೆ 0 ಅಂತ ನಂಬರ್ ಹಾಕಿದೆ. ಎಡಕ್ಕೆ ಹೋಗುತ್ತಾ 1, 2, 3, ಕೊನೆಗೆ 6. ಬೆಲೆಗಳು 1, 2, 4, 8, 16, 32, 64. 14 ಅಂದರೆ 8 + 4 + 2, ಆದ್ದರಿಂದ 3, 2, 1ನೇ ಮನೆಗಳಲ್ಲಿ ಒಂದೊಂದು ಕಾಯಿ.

14ರ ವರ್ಗ ಅಂದರೆ 14ರ 2 ಪಟ್ಟು, 4 ಪಟ್ಟು, 8 ಪಟ್ಟು ಎಲ್ಲವನ್ನೂ ಕೂಡಿದ್ದು. ದ್ವಿಮಾನದಲ್ಲಿ ಎರಡು ಪಟ್ಟು ಮಾಡುವುದು ಅಂದರೆ ಎಲ್ಲ ಕಾಯಿಗಳನ್ನೂ ಒಂದು ಮನೆ ಎಡಕ್ಕೆ ಸರಿಸುವುದು. ಅಷ್ಟೇ. ಹಾಗಾಗಿ ಒಂದು ಸಾಲಿನಲ್ಲಿ ಒಂದು ಮನೆ ಸರಿಸಿ ಇಟ್ಟೆ, ಮುಂದಿನ ಸಾಲಿನಲ್ಲಿ ಎರಡು ಮನೆ, ಅದರ ಮುಂದಿನದರಲ್ಲಿ ಮೂರು. ಒಂಬತ್ತು ಕಾಯಿಗಳಾದವು. x ಎಂಬ ಸಂಖ್ಯೆಯಲ್ಲಿ n ಕಾಯಿಗಳಿದ್ದರೆ ಹಲಗೆಯ ಮೇಲೆ ಸರಿಯಾಗಿ n × n ಕಾಯಿ ಇರಬೇಕು. ಮುಂದೆ ಈ ಎಣಿಕೆ ತುಂಬಾ ಉಪಯೋಗಕ್ಕೆ ಬಂತು.

ಎಡಗಡೆಯ ಅಂಚು ದಾಟಿದ ಕಾಯಿಯ ಕಥೆ ಏನು? ಈ ಸಂಖ್ಯೆಗಳ ಸೊಗಸೆಲ್ಲ ಇರುವುದು ಇಲ್ಲೇ. 6ನೇ ಮನೆಯ ಆಚೆ ಬೆಲೆ 128. ಆದರೆ 128 = 127 + 1. 127ರಿಂದ ಭಾಗಿಸಿ ಶೇಷ ನೋಡುವವರಿಗೆ 128 ಮತ್ತು 1 ಎರಡೂ ಒಂದೇ. ಆದ್ದರಿಂದ ಎಡಕ್ಕೆ ಹೊರಗೆ ಹೋದ ಕಾಯಿ ಬಲಗಡೆಯ 0ನೇ ಮನೆಗೆ ಬಂದು ಕೂರುತ್ತದೆ. ಭಾಗಾಕಾರ ಮಾಡುವ ಕೆಲಸವೇ ಇಲ್ಲ! ಬೇರೆ ಯಾವುದೋ 39 ಅಂಕಿಯ ಸಂಖ್ಯೆ ಆಗಿದ್ದರೆ ಪ್ರತಿ ಸುತ್ತಿಗೂ ದೊಡ್ಡ ಭಾಗಾಕಾರ ಬೀಳುತ್ತಿತ್ತು. 2ᵖ − 1ಕ್ಕೆ ಕಾಯಿ ಸುತ್ತಿ ಬಂದರೆ ಸಾಕು.

ಎಲ್ಲ ಸಾಲುಗಳನ್ನೂ ಇಟ್ಟ ಮೇಲೆ ಒಂದೇ ಕಂಬದಲ್ಲಿ ಎರಡು ಕಾಯಿಗಳಿದ್ದರೆ ಎರಡನ್ನೂ ತೆಗೆದು, ಎಡಗಡೆಯ ಕಂಬಕ್ಕೆ ಒಂದನ್ನು ಹಾಕಬೇಕು. ಎಲ್ಲ ಕಂಬದಲ್ಲೂ ಹೆಚ್ಚೆಂದರೆ ಒಂದು ಕಾಯಿ ಉಳಿಯುವ ತನಕ ಹೀಗೇ ಮಾಡುತ್ತಾ ಹೋಗಬೇಕು.

ಇನ್ನು ಆ ಎಂಟನೆಯ ಸಾಲು. ಪ್ರತಿ ಸುತ್ತಿನಲ್ಲೂ 2 ಕಳೆಯಬೇಕಲ್ವಾ? 1ನೇ ಮನೆಯಲ್ಲಿ ಕಾಯಿ ಇಲ್ಲದಿದ್ದರೆ ಮುಂದಿನ ಮನೆಯಿಂದ ಸಾಲ ತರಬೇಕು. ಕೂಡುವುದು ಎಡಕ್ಕೆ, ಸಾಲ ತರುವುದು ಬಲಕ್ಕೆ, ಎರಡೂ ಒಟ್ಟಿಗೆ ಮಾಡಿದರೆ ಕೈ ತಪ್ಪುತ್ತದೆ. 2 ಕಳೆಯುವ ಬದಲು 125 ಕೂಡಿದರೂ ಶೇಷ ಅದೇ. 125 ಅಂದರೆ 1ನೇ ಮನೆ ಒಂದನ್ನು ಬಿಟ್ಟು ಉಳಿದ ಎಲ್ಲ ಮನೆಗಳಲ್ಲೂ ಒಂದೊಂದು ಕಾಯಿ. ಎಂಟನೆಯ ಸಾಲಿನಲ್ಲಿ ಆರು ಗುಂಡಿಗಳನ್ನು ಹಾಗೆ ಅಂಟಿಸಿಯೇ ಬಿಟ್ಟೆ, ಪ್ರತಿ ಸಲ ಎಣಿಕೆಗೆ ಸೇರಿಸಿಕೊಳ್ಳಲು.

ಖಾಲಿ ಆಗಬೇಕಿದ್ದ ಹಲಗೆ ತುಂಬಿತು

ಮೊದಲ ನಾಲ್ಕು ಸುತ್ತು ಸರಿಯಾಗಿ ಬಂದವು. 14, 67, 42, 111. ಐದನೆಯ ಸುತ್ತಿಗೆ ಹಲಗೆ ಖಾಲಿ ಆಗಬೇಕು ಅಂತ ಕಾದೆ. ಕೊನೆಯ ಉತ್ತರ 0 ತಾನೇ. ಆದರೆ ಕಾಯಿಗಳನ್ನು ಒಂದೊಂದೇ ಸರಿಸಿ ಮುಗಿಸಿದಾಗ ಏಳೂ ಮನೆಗಳಲ್ಲಿ ಒಂದೊಂದು ಕಾಯಿ ನಿಂತಿತ್ತು. ಎಲ್ಲೋ ತಪ್ಪಿದೆ ಅಂತ ಎಲ್ಲವನ್ನೂ ತೆಗೆದು ಮೊದಲಿಂದ ಮಾಡಿದೆ. ಮತ್ತೆ ಏಳೂ ತುಂಬಿದವು.

ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತೆ. ಆಮೇಲೆ ಹೊಳೆಯಿತು. ಏಳೂ ಮನೆ ತುಂಬಿದರೆ 64 + 32 + 16 + 8 + 4 + 2 + 1, ಅಂದರೆ 127. 127ನ್ನು 127ರಿಂದ ಭಾಗಿಸಿದರೆ ಶೇಷ 0. ನಾನು ಕಳೆಯುವುದನ್ನೇ ಬಿಟ್ಟು ಬರೀ ಕೂಡುತ್ತಿದ್ದೆ. ಹಾಗಾಗಿ ಹಲಗೆ ಎಂದೂ ಖಾಲಿ ಆಗುವಂತಿಲ್ಲ. ಸೊನ್ನೆ ಇಲ್ಲಿ ತುಂಬಿದ ಹಲಗೆಯಾಗಿ ಬರುತ್ತದೆ. ನಾವು ಪರೀಕ್ಷೆ ಮಾಡುತ್ತಿರುವ ಸಂಖ್ಯೆಯೇ, ತನ್ನ ಎಲ್ಲ ಒಂದುಗಳೊಂದಿಗೆ, ಕೊನೆಯ ಸುತ್ತಿನಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. ಈ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಗಳಿಗೆಗಳಲ್ಲಿ ಇದು ಮೊದಲನೆಯದು.

ಹೋಲಿಸಿ ನೋಡಲು 11 ಮನೆಯ ಹಲಗೆಯನ್ನೂ ಮಾಡಿದೆ. 2¹¹ − 1 = 2047 = 23 × 89. ಒಂಬತ್ತು ಸುತ್ತು ಮುಗಿದಾಗ 1736 ಉಳಿಯಿತು. 11 ಮನೆಗಳಲ್ಲಿ ಐದರಲ್ಲಿ ಮಾತ್ರ ಕಾಯಿ, ಅವೂ ಅಲ್ಲೊಂದು ಇಲ್ಲೊಂದು. 2047 ಅವಿಭಾಜ್ಯ ಅಲ್ಲ ಅಂತ ಹಲಗೆ ಹೇಳಿತು. ಆದರೆ 23 ಅಂತಲೋ 89 ಅಂತಲೋ ಎಲ್ಲೂ ಹೇಳಲಿಲ್ಲ. ಈ ಪರೀಕ್ಷೆಯ ಸ್ವಭಾವವೇ ಹಾಗೆ. 1644ರಲ್ಲಿ ಮರಿನ್ ಮೆರ್ಸೆನ್ 2⁶⁷ − 1 ಅವಿಭಾಜ್ಯ ಅಂತ ಪಟ್ಟಿ ಮಾಡಿದ್ದರು. ಅದು ಅಲ್ಲ ಅಂತ ಲ್ಯೂಕಾ 1876ರಲ್ಲೇ ತೋರಿಸಿದರು. ಅಪವರ್ತನಗಳು ಸಿಕ್ಕಿದ್ದು ಮಾತ್ರ 1903ರಲ್ಲಿ, ಫ್ರಾಂಕ್ ನೆಲ್ಸನ್ ಕೋಲ್ ಅವರಿಗೆ: 193707721 × 761838257287. ಒಡೆಯುತ್ತದೆ ಅಂತ ಗೊತ್ತಾಗಿ 27 ವರ್ಷ ಆದ ಮೇಲೆ ಎಲ್ಲಿ ಒಡೆಯುತ್ತದೆ ಅಂತ ಗೊತ್ತಾಯಿತು.

p ಯಾಕೆ ಅವಿಭಾಜ್ಯ ಆಗಿರಬೇಕು ಅನ್ನುವುದನ್ನೂ ಗುಂಡಿಗಳಿಂದಲೇ ತೋರಿಸಬಹುದು. 15 ಗುಂಡಿಗಳನ್ನು ಸಾಲಾಗಿ ಇಡಿ. ಅದು 2¹⁵ − 1. ಈಗ ಮೂರು ಮೂರರ ಗುಂಪು ಮಾಡಿ. ಪ್ರತಿ ಗುಂಪೂ 7ರ ಗುಣಕ, ಆದ್ದರಿಂದ ಇಡೀ ಸಾಲು 7ರಿಂದ ಭಾಗವಾಗುತ್ತದೆ. ಐದೈದರ ಗುಂಪು ಮಾಡಿದರೆ 31ರಿಂದ. ಸಾಲನ್ನು ಸಮಗುಂಪು ಮಾಡಲು ಬಂದರೆ ಸಂಖ್ಯೆಯೂ ಒಡೆಯುತ್ತದೆ. 127 ಗುಂಡಿಗಳನ್ನು ಹೀಗೆ ಸಮನಾಗಿ ಹಂಚಲು ಆಗುವುದಿಲ್ಲ. ಆದರೆ 11ರಲ್ಲೂ ಹಂಚಲು ಆಗುವುದಿಲ್ಲ, ಆದರೂ 2047 ಒಡೆಯಿತು. ಅದಕ್ಕೇ ಪರೀಕ್ಷೆ ಬೇಕು.

13 ಮನೆ, ಒಂದು ತಪ್ಪು, ಒಂದು ದುರಸ್ತಿ

ಮುಂದೆ 13. ಸಂಖ್ಯೆ 8191, ಸುತ್ತು ಹನ್ನೊಂದು. ಹಲಗೆಯ ಮೇಲೆ 169 ಮನೆ, ಜೊತೆಗೆ ಅಂಟಿಸಿದ ಸಾಲು. ಒಂದೊಂದು ಸಾಲನ್ನೂ ಎಣಿಸಿ ಇಡುವುದು ಕಷ್ಟವಾಯಿತು. ಅದಕ್ಕೆ ಒಂದು ಜಾರುವ ಪಟ್ಟಿ ಮಾಡಿಕೊಂಡೆ. ರಟ್ಟಿನ ಉದ್ದ ಪಟ್ಟಿ, ಅದರ ಮೇಲೆ 26 ಮನೆ. ಈಗಿನ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಅಕ್ಕಪಕ್ಕ ಎರಡು ಸಲ ಬರೆಯುವುದು. ಪಟ್ಟಿಯನ್ನು ಒಂದೊಂದು ಮನೆ ಎಡಕ್ಕೆ ಜಾರಿಸಿದರೆ ಸುತ್ತಿ ಬರುವ ಕಾಯಿಗಳು ತಾವಾಗಿಯೇ ಬಲಗಡೆ ಕಾಣಿಸುತ್ತವೆ. ಎಣಿಸುವ ಗೋಜಿಲ್ಲ.

ಹನ್ನೊಂದು ಸುತ್ತು ಮುಗಿಸಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಕೊನೆಗೆ ಹಲಗೆ ತುಂಬಲಿಲ್ಲ. ಎಲ್ಲೆಲ್ಲೋ ಖಾಲಿ. 8191 ಅವಿಭಾಜ್ಯ ಅಂತ ನನಗೆ ಗೊತ್ತು. ಹಾಗಾದರೆ ತಪ್ಪಿದ್ದು ನಾನೇ.

ಪ್ರತಿ ಸುತ್ತಿನ ಕೊನೆಯ ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಕಾಗದದ ಮೇಲೆ ಮಾಮೂಲಿ ಗುಣಾಕಾರ, ಭಾಗಾಕಾರ ಮಾಡಿ ಒಂದೊಂದನ್ನೇ ತಾಳೆ ನೋಡಿದೆ. 14 ಸರಿ. 194 ಸರಿ. 194ರ ವರ್ಗ 37636, ಎರಡು ಕಳೆದರೆ 37634. ಅದರಲ್ಲಿ 8191ರ ನಾಲ್ಕು ಪಟ್ಟು, 32764, ತೆಗೆದರೆ 4870. ನನ್ನ ನೋಟ್‌ಬುಕ್ಕಿನಲ್ಲಿ 4869 ಇತ್ತು.

ಒಂದೇ ಒಂದು ಕಡಿಮೆ. 12ನೇ ಕಂಬದಲ್ಲಿ ಎರಡು ಕಾಯಿಗಳನ್ನು ತೆಗೆದು, ಅದಕ್ಕೆ ಬದಲಾಗಿ 0ನೇ ಕಂಬಕ್ಕೆ ಒಂದನ್ನು ಹಾಕುವುದನ್ನು ಮರೆತಿದ್ದೆ. ಅಂಚಿನಲ್ಲಿ ಕಾಯಿ ಬಿದ್ದುಹೋಗಿತ್ತು. 4870ರಲ್ಲೂ ಐದು ಕಾಯಿ, 4869ರಲ್ಲೂ ಐದು ಕಾಯಿ. ಹಾಗಾಗಿ ಮುಂದಿನ ಸುತ್ತಿಗೆ 25 ಕಾಯಿ ಎಣಿಸಿದಾಗಲೂ ಏನೂ ಅನಿಸಲಿಲ್ಲ. ಅಲ್ಲಿಂದ ಮುಂದೆ ಎಂಟು ಸುತ್ತು ಮಾಡಿದ್ದೆಲ್ಲ ವ್ಯರ್ಥ. ಈ ಲೆಕ್ಕದಲ್ಲಿ ಸಣ್ಣ ತಪ್ಪು ಸಣ್ಣದಾಗಿ ಉಳಿಯುವುದಿಲ್ಲ. ಪ್ರತಿ ಸುತ್ತಿನ ವರ್ಗವೂ ಅದನ್ನು ಇಡೀ ಹಲಗೆಗೆ ಹರಡುತ್ತದೆ.

ಇನ್ನೂ ಹುಷಾರಾಗಿ ಮಾಡುತ್ತೇನೆ ಅಂತ ಅಂದುಕೊಂಡರೆ ಸಾಲದು. ಅಂಚು ಇರುವ ತನಕ ಕಾಯಿ ಬೀಳುತ್ತದೆ. ಹಾಗಾಗಿ ಅಂಚನ್ನೇ ತೆಗೆದುಹಾಕಿದೆ. 13 ಬಾಟಲಿ ಮುಚ್ಚಳಗಳನ್ನು ರಟ್ಟಿನ ಮೇಲೆ ವೃತ್ತಾಕಾರದಲ್ಲಿ ಅಂಟಿಸಿದೆ. ಪ್ರತಿ ಮುಚ್ಚಳಕ್ಕೂ ನಂಬರ್. ಚೌಕದ ಹಲಗೆ ಬೇಡವೇ ಬೇಡ ಅಂತ ಆಗ ಗೊತ್ತಾಯಿತು. ಬೇಕಿರುವುದು ಒಂದೊಂದು ಕಂಬದ ಒಟ್ಟು ಮಾತ್ರ. ಜಾರುವ ಪಟ್ಟಿಯನ್ನು ನೋಡಿಕೊಂಡು ಕಾಯಿಗಳನ್ನು ನೇರವಾಗಿ ಮುಚ್ಚಳಗಳಿಗೇ ಹಾಕಿದೆ. ಆಮೇಲೆ ಒಂದೇ ದಿಕ್ಕಿನಲ್ಲಿ ಸುತ್ತುತ್ತಾ, ಎರಡಕ್ಕೆ ಒಂದು, ಎರಡಕ್ಕೆ ಒಂದು. 12ನೇ ಮುಚ್ಚಳದ ಪಕ್ಕದಲ್ಲೇ 0ನೇ ಮುಚ್ಚಳ ಇದೆ. ಮರೆಯಲು ಅವಕಾಶವೇ ಇಲ್ಲ.

ಈ ಚಕ್ರದ ಮೇಲೆ ಎರಡನೇ ಸಲ ಮಾಡಿದೆ. 4, 14, 194, 4870, 3953, 5970, 1857, 36, 1294, 3470, 128. ಹತ್ತು ಸುತ್ತು ಆಗಿತ್ತು. ಇನ್ನೊಂದೇ ಬಾಕಿ. ಆಗ ಚಕ್ರದ ಕಡೆ ನೋಡಿದೆ. 13 ಮುಚ್ಚಳಗಳಲ್ಲಿ ಒಂದರಲ್ಲಿ ಮಾತ್ರ ಕಾಯಿ. 7ನೇ ಮುಚ್ಚಳದಲ್ಲಿ ಒಂಟಿ ಗುಂಡಿ.

ಅದರ ವರ್ಗ ಅಂದರೆ 7 + 7 = 14ನೇ ಮನೆ. ಹದಿಮೂರು ದಾಟಿದರೆ 1ನೇ ಮನೆ. ಅಲ್ಲಿ ಒಂದು ಕಾಯಿ ಇಟ್ಟೆ. ಇನ್ನು 2 ಕಳೆಯುವ ಸಾಲು: 1ನೇ ಮನೆ ಬಿಟ್ಟು ಉಳಿದ ಎಲ್ಲಕ್ಕೂ ಒಂದೊಂದು. ಹಾಕಿದೆ. ಒಂದೂ ಕಾಯಿ ಸರಿಸಬೇಕಾಗಲಿಲ್ಲ. ಹದಿಮೂರೂ ತುಂಬಿದ್ದವು.

ಒಂಟಿ ಕಾಯಿ ಯಾಕೆ?

ಇದು ಅದೃಷ್ಟವೋ ನಿಯಮವೋ ಅನ್ನುವ ಪ್ರಶ್ನೆ ಹತ್ತಿತು. 7ರ ಹಲಗೆಯ ನೋಟ್‌ಬುಕ್ ತೆಗೆದು ನೋಡಿದೆ. ಅಲ್ಲಿ ಕೊನೆಯದಕ್ಕಿಂತ ಹಿಂದಿನದು 111. ದ್ವಿಮಾನದಲ್ಲಿ 1101111. ಒಂಟಿ ಕಾಯಿ ಅಲ್ಲ. ಆದರೆ ಒಂಟಿ ಖಾಲಿ ಮನೆ! ಆರು ಮನೆ ತುಂಬಿವೆ, 4ನೇ ಮನೆ ಮಾತ್ರ ಖಾಲಿ.

ಆಮೇಲೆ ಕಾರಣ ತಾನಾಗಿ ಬಿಚ್ಚಿಕೊಂಡಿತು. ಕೊನೆಯ ಸುತ್ತಿನಲ್ಲಿ ವರ್ಗ ಮಾಡಿ 2 ಕಳೆದರೆ ಸೊನ್ನೆ ಬರಬೇಕು. ಹಾಗಾದರೆ ಅದರ ಹಿಂದಿನ ಸಂಖ್ಯೆಯ ವರ್ಗ 2 ಆಗಿರಬೇಕು. ಅಂದರೆ ಅದು ಈ ಚಕ್ರದ ಮೇಲೆ 2ರ ವರ್ಗಮೂಲ. ಒಂಟಿ ಕಾಯಿಯ ವರ್ಗ ಮಾಡಿದರೆ ಅದರ ಮನೆಯ ನಂಬರ್ ಎರಡು ಪಟ್ಟಾಗುತ್ತದೆ. ಎರಡು ಪಟ್ಟು ಮಾಡಿದಾಗ ಸುತ್ತಿ ಬಂದು 1ನೇ ಮನೆಯಲ್ಲಿ ನಿಲ್ಲಬೇಕಾದರೆ ಕಾಯಿ (p + 1) ÷ 2ನೇ ಮನೆಯಲ್ಲಿ ಇರಬೇಕು. 13ಕ್ಕೆ 7. 7ಕ್ಕೆ 4. ಅವಿಭಾಜ್ಯ ಸಂಖ್ಯೆಯ ಶೇಷಗಳ ಲೋಕದಲ್ಲಿ ಒಂದು ಸಂಖ್ಯೆಗೆ ಎರಡಕ್ಕಿಂತ ಜಾಸ್ತಿ ವರ್ಗಮೂಲ ಇರುವುದಿಲ್ಲ. ಒಂದು ಧನ, ಇನ್ನೊಂದು ಋಣ. ಧನ ಅಂದರೆ ಒಂಟಿ ಕಾಯಿ. ಋಣ ಅಂದರೆ ತುಂಬಿದ ಚಕ್ರದಿಂದ ಆ ಕಾಯಿಯನ್ನು ತೆಗೆದದ್ದು, ಒಂಟಿ ಖಾಲಿ ಮನೆ. ಮೂರನೆಯ ದಾರಿಯೇ ಇಲ್ಲ.

ಅಂದರೆ 2ᵖ − 1 ಅವಿಭಾಜ್ಯ ಆಗಿದ್ದರೆ, p ಎಷ್ಟೇ ದೊಡ್ಡದಿರಲಿ, ಪರೀಕ್ಷೆ ಮುಗಿಯುವ ಒಂದು ಸುತ್ತು ಮೊದಲೇ ಚಕ್ರ ಅದನ್ನು ಹೇಳಿಬಿಡುತ್ತದೆ. ಅಲ್ಲಿಯ ತನಕ ಕಾಯಿಗಳು ಮಳೆ ಬಿದ್ದ ಹಾಗೆ ಚೆಲ್ಲಿಕೊಂಡಿರುತ್ತವೆ, ಒಂದು ಕ್ರಮ ಅಂತ ಕಾಣುವುದಿಲ್ಲ. ಇದ್ದಕ್ಕಿದ್ದಂತೆ ಎಲ್ಲ ಖಾಲಿಯಾಗಿ ಒಂದೇ ಕಾಯಿ ಉಳಿಯುತ್ತದೆ, ಇಲ್ಲವೇ ಎಲ್ಲ ತುಂಬಿ ಒಂದೇ ಮನೆ ಬಾಕಿ ಇರುತ್ತದೆ. 11ರ ಹಲಗೆಯಲ್ಲಿ ಆ ಜಾಗದಲ್ಲಿ 282 ಇತ್ತು. ನಾಲ್ಕು ಕಾಯಿ, ಚದುರಿದ ಹಾಗೆ.

ಇನ್ನೊಂದು ಪ್ರಯೋಗ ಮಾಡಿದೆ. ಲ್ಯೂಕಾ 127ನೇ ಘಾತಕ್ಕೆ 4ರ ಬದಲು 3ರಿಂದ ಶುರು ಮಾಡುವ ರೂಪ ಬಳಸಿದ್ದರು. 7ರ ಹಲಗೆಯ ಮೇಲೆ ಅದನ್ನೇ ಮಾಡಿದೆ: 3, 7, 47, 48, 16, ತುಂಬಿದ ಹಲಗೆ. ಈ ಸಲ ಖಾಲಿ ಮನೆಯ ಬದಲು ಒಂಟಿ ಕಾಯಿ ಬಂತು, ಅದೇ 4ನೇ ಮನೆಯಲ್ಲಿ. ಆದರೆ 3ರಿಂದ ಶುರು ಮಾಡುವ ರೂಪ ಎಲ್ಲ ಕಡೆ ನಡೆಯುವುದಿಲ್ಲ. p ಅನ್ನು 4ರಿಂದ ಭಾಗಿಸಿದಾಗ 3 ಉಳಿಯಬೇಕು. p = 5ಕ್ಕೆ ಮಾಡಿದರೆ 3, 7, 16, 6 ಅಂತ ನಿಂತುಬಿಡುತ್ತದೆ, 31 ಅವಿಭಾಜ್ಯ ಆಗಿದ್ದರೂ. ಲೆಹ್ಮರ್ ಅವರ 4ಕ್ಕೆ ಈ ತೊಡಕು ಇಲ್ಲ. ಅದಕ್ಕೇ ಎಲ್ಲರೂ 4ನ್ನೇ ಬಳಸುತ್ತಾರೆ.

127ಕ್ಕೆ ಪ್ರೋಗ್ರಾಂ

127 ಮುಚ್ಚಳ ಅಂಟಿಸಬಹುದಿತ್ತು. ಆದರೆ 125 ಸುತ್ತು, ಪ್ರತಿ ಸುತ್ತಿಗೂ ಸಾವಿರಾರು ಕಾಯಿ. ಹಾಗಾಗಿ ಚಕ್ರವನ್ನೇ ಪ್ರೋಗ್ರಾಂ ಆಗಿ ಬರೆದೆ. ದೊಡ್ಡ ಸಂಖ್ಯೆಗಳ ಲೈಬ್ರರಿ ಬಳಸಲಿಲ್ಲ. 127 ಅಂಕಣದ ಒಂದು ಅರೇ, ಒಂದೊಂದು ಅಂಕಣವೂ ಒಂದು ಮುಚ್ಚಳ. ಕೈಯಲ್ಲಿ ಮಾಡಿದ್ದನ್ನೇ ಕಂಪ್ಯೂಟರ್ ಮಾಡಲಿ ಅಂತ.

ಮೊದಲ ಓಟದಲ್ಲಿ 3ಕ್ಕೆ ಅವಿಭಾಜ್ಯ ಅಂತ ಬಂತು. 5ಕ್ಕೆ ಅಲ್ಲ ಅಂತ ಬಂತು. ಸುತ್ತು ಸುತ್ತಿನ ಸಂಖ್ಯೆ ಅಚ್ಚು ಹಾಕಿಸಿ ನೋಡಿದರೆ 5ರ ಮೊದಲ ಸುತ್ತಿನಲ್ಲೇ 14ರ ಬದಲು 13. ಎರಡಕ್ಕೆ ಒಂದು ಮಾಡುವ ಲೂಪ್ ಚಕ್ರವನ್ನು ಒಂದೇ ಸಲ ಸುತ್ತಿ ನಿಲ್ಲುತ್ತಿತ್ತು. ಕೊನೆಯ ಮುಚ್ಚಳದಿಂದ ಒಂದು ಕಾಯಿ 0ನೇ ಮುಚ್ಚಳಕ್ಕೆ ಬಂದು ಅಲ್ಲಿ ಎರಡಾಗಿತ್ತು. ಮುಂದಿನ ಭಾಗ "ಇಲ್ಲಿ ಕಾಯಿ ಇದೆಯಾ" ಅಂತ ಮಾತ್ರ ಕೇಳುತ್ತಿತ್ತು, ಎಷ್ಟಿದೆ ಅಂತ ಅಲ್ಲ. ಕೈಯಲ್ಲಿ ಮಾಡುವಾಗ ಕಣ್ಣು ತಾನಾಗಿ ಇನ್ನೊಂದು ಸುತ್ತು ಹೋಗುತ್ತಿತ್ತು. ಯಾವ ಮುಚ್ಚಳದಲ್ಲೂ ಒಂದಕ್ಕಿಂತ ಜಾಸ್ತಿ ಇಲ್ಲ ಅನ್ನುವ ತನಕ ಸುತ್ತು ಅಂತ ಬದಲಾಯಿಸಿದೆ. ಆಮೇಲೆ 5, 7, 13, 17, 19, 31 ಎಲ್ಲ ಸರಿ ಬಂದವು. 11, 23, 29 ಅವಿಭಾಜ್ಯ ಅಲ್ಲ ಅಂತ ಸರಿಯಾಗಿಯೇ ಬಂತು.

ಕೊನೆಯ ಹಿಂದಿನ ಸುತ್ತುಗಳನ್ನು ಅಚ್ಚು ಹಾಕಿಸಿದೆ. 17ಕ್ಕೆ 130559: 9ನೇ ಮನೆ ಮಾತ್ರ ಖಾಲಿ. 19ಕ್ಕೆ 523263: 10ನೇ ಮನೆ ಮಾತ್ರ ಖಾಲಿ. 31ಕ್ಕೆ 65536: 16ನೇ ಮನೆಯಲ್ಲಿ ಒಂಟಿ ಕಾಯಿ. ಈ 2³¹ − 1 ಅವಿಭಾಜ್ಯ ಅಂತ 1772ರಲ್ಲಿ ಆಯ್ಲರ್ ತೋರಿಸಿದ್ದರು, ಅದೂ ಭಾಗಾಕಾರದ ದಾರಿಯಲ್ಲಿ. ಅಪವರ್ತನ ಅಂತ ಒಂದಿದ್ದರೆ ಅದು 2pಯ ಗುಣಕಕ್ಕಿಂತ 1 ಜಾಸ್ತಿ ಇರಲೇಬೇಕು, 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯಲೇಬೇಕು. ಈ ಜರಡಿ ಹಿಡಿದರೆ ಪರೀಕ್ಷಿಸಬೇಕಾದ ಸಂಖ್ಯೆಗಳು ತುಂಬಾ ಕಡಿಮೆಯಾಗುತ್ತವೆ. 23ಕ್ಕೆ 47, 29ಕ್ಕೆ 233 ಹೀಗೆ ಕೂಡಲೇ ಸಿಗುತ್ತವೆ. ಕೋಲ್ ಅವರ 193707721 ಕೂಡ 134 × 1445580 + 1. ಈ ಜರಡಿಯನ್ನು ನನ್ನ ಪ್ರೋಗ್ರಾಮಿಗೂ ಮುಂಭಾಗದಲ್ಲಿ ಸೇರಿಸಿದೆ. ಸುಲಭವಾಗಿ ಒಡೆಯುವುದಕ್ಕೆ ಇಡೀ ಚಕ್ರ ತಿರುಗಿಸುವುದು ದಂಡ.

ಆಮೇಲೆ 127 ಕೊಟ್ಟೆ. ಹೆಚ್ಚೆಂದರೆ 20 ಲಕ್ಷದಷ್ಟು ಕಾಯಿ ಇಡುವ ಕೆಲಸ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಪರದೆಯ ಮೇಲೆ 127 ಒಂದುಗಳು, ನಡುವೆ ಒಂದೂ ಸೊನ್ನೆ ಇಲ್ಲ. ಲ್ಯೂಕಾ ಕಂಡದ್ದು ಇದೇ ಅಂತ ಮತ್ತೆ ಮತ್ತೆ ಓಡಿಸಿದೆ. ಅದರ ಹಿಂದಿನ ಸುತ್ತಿನಲ್ಲಿ 64ನೇ ಮನೆಯಲ್ಲಿ ಒಂಟಿ ಕಾಯಿಯೋ ಒಂಟಿ ಖಾಲಿಯೋ ಅಂತ ನಾನು ಹೇಳುವುದಿಲ್ಲ. ನೀವೇ ಒಂದು ಚಕ್ರ ಬರೆದು ಓಡಿಸಿ ನೋಡಿ. ಮೊದಲ ಸಲ ಕಾಣುವ ಸಂತೋಷ ನಿಮ್ಮದೇ ಆಗಲಿ.

ಈ ಸಂಖ್ಯೆ 75 ವರ್ಷ ಗೊತ್ತಿದ್ದ ಅವಿಭಾಜ್ಯಗಳಲ್ಲೆಲ್ಲ ದೊಡ್ಡದಾಗಿತ್ತು. 1951ರಲ್ಲಿ ಫೆರಿಯೆ ಎಂಬವರು ಮೇಜಿನ ಮೇಲಿಡುವ ಲೆಕ್ಕಯಂತ್ರ ಬಳಸಿ 44 ಅಂಕಿಯದನ್ನು ಕಂಡುಹಿಡಿದರು: (2¹⁴⁸ + 1) ÷ 17. ಅದೇ ವರ್ಷ ಎಡ್ಸ್ಯಾಕ್ ಕಂಪ್ಯೂಟರಿನ ಮೇಲೆ ಮಿಲ್ಲರ್ ಮತ್ತು ವೀಲರ್ 79 ಅಂಕಿಯದನ್ನು ಕಂಡರು. ಅದು 180 × (2¹²⁷ − 1)² + 1. ಲ್ಯೂಕಾ ಅವರ ಸಂಖ್ಯೆಯ ಹೆಗಲ ಮೇಲೇ ನಿಂತ ಸಂಖ್ಯೆ.

521ರಲ್ಲಿ ಮುರಿದದ್ದು

ಖುಷಿಯಲ್ಲಿ 521 ಕೊಟ್ಟೆ. 2⁵²¹ − 1 ಅವಿಭಾಜ್ಯ. 1952ರ ಜನವರಿ 30ರಂದು ರಾಫೆಲ್ ರಾಬಿನ್ಸನ್ ಅವರ ಪ್ರೋಗ್ರಾಂ ಸ್ವಾಕ್ ಎಂಬ ಕಂಪ್ಯೂಟರಿನ ಮೇಲೆ ಇದನ್ನು ಹಿಡಿದಿತ್ತು. ಅದೇ ದಿನ 607ನ್ನೂ. ನನ್ನ ಪ್ರೋಗ್ರಾಂ ಮಾತ್ರ ಅವಿಭಾಜ್ಯ ಅಲ್ಲ ಅಂದಿತು.

127ರ ತನಕ ಎಲ್ಲ ಸರಿ, 521ಕ್ಕೆ ತಪ್ಪು. ಈ ಥರದ ತಪ್ಪಿಗೆ ಜಾಸ್ತಿ ಹೆದರಬೇಕು, ಸಣ್ಣ ಪರೀಕ್ಷೆಗಳೆಲ್ಲ ಪಾಸಾಗಿರುತ್ತವೆ. ಕೊನೆಗೆ ಕಾಯಿಗಳನ್ನೇ ನೆನೆಸಿಕೊಂಡಾಗ ತಿಳಿಯಿತು. 521 ಮನೆಗಳಲ್ಲಿ ಅರ್ಧದಷ್ಟು, ಅಂದರೆ 260 ತುಂಬಿದ್ದರೆ ಇಡಬೇಕಾದ ಕಾಯಿ 260 × 260. ಅವನ್ನು 521 ಮುಚ್ಚಳಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 130. ಹಿಂದಿನ ಮುಚ್ಚಳದಿಂದ ಬರುವುದೂ ಸುಮಾರು ಅಷ್ಟೇ. ಒಟ್ಟು 260. ನಾನು ಒಂದೊಂದು ಮುಚ್ಚಳಕ್ಕೂ ಒಂದು ಬೈಟ್ ಕೊಟ್ಟಿದ್ದೆ. ಒಂದು ಬೈಟ್ ಹಿಡಿಯುವುದು 255ರ ತನಕ. ಮುಚ್ಚಳ ತುಂಬಿ ಕಾಯಿಗಳು ಹೊರಗೆ ಚೆಲ್ಲುತ್ತಿದ್ದವು. ಮತ್ತೆ ಅದೇ ಕಥೆ. ಕಾಯಿ ಬೀಳುವ ಅಂಚನ್ನು ಒಂದು ಕಡೆ ಮುಚ್ಚಿದ್ದೆ, ಇನ್ನೊಂದು ಕಡೆ ತೆರೆದಿಟ್ಟಿದ್ದೆ.

ನಾಲ್ಕು ಬೈಟಿನ ಅಂಕಣ ಮಾಡಿದೆ. 521 ತುಂಬಿತು. 607 ತುಂಬಿತು. 1279 ತುಂಬಿತು. ಜೊತೆಗೆ ಒಂದು ಕಾವಲನ್ನೂ ಇಟ್ಟೆ: ಪ್ರತಿ ಸುತ್ತಿನಲ್ಲೂ ಎರಡಕ್ಕೆ ಒಂದು ಮಾಡುವ ಮೊದಲು ಎಲ್ಲ ಮುಚ್ಚಳಗಳ ಕಾಯಿಗಳ ಒಟ್ಟು n × n + p − 1 ಇದೆಯಾ ಅಂತ ನೋಡುವುದು. ಇದ್ದ ಕಾಯಿಗಳಿಂದ, ಒಮ್ಮೆ ಎರಡಕ್ಕೆ ಒಂದು ಮಾಡಿದ್ದಕ್ಕೆ ಒಂದೊಂದರಂತೆ ಕಳೆದರೆ ಕೊನೆಗೆ ಉಳಿದ ಕಾಯಿ ಬರಬೇಕು. ಇದನ್ನು ಹಲಗೆಯ ಕಾಲದಲ್ಲೇ ಮಾಡಿದ್ದರೆ ಆ 4869 ಅಲ್ಲೇ ಸಿಕ್ಕಿಬೀಳುತ್ತಿತ್ತು.

ಇನ್ನು ವೇಗ. p ಎರಡು ಪಟ್ಟಾದರೆ ಕೆಲಸ ಎಂಟು ಪಟ್ಟು. 1279ಕ್ಕೆ ಹೆಚ್ಚೆಂದರೆ 209 ಕೋಟಿ ಕಾಯಿ. ಒಂದು ಮುಚ್ಚಳದಲ್ಲಿ ಒಂದು ಬಿಟ್, ಅಂದರೆ ದ್ವಿಮಾನದ ಒಂದು ಅಂಕಿ, ಇಡುವ ಬದಲು 32 ಬಿಟ್ ಇಟ್ಟರೆ ಸಾವಿರದಷ್ಟು ಪಟ್ಟು ಉಳಿತಾಯ. ಆದರೆ p ಅವಿಭಾಜ್ಯ. ಅದನ್ನು 32ರ ಸಮಭಾಗ ಮಾಡಲು ಆಗುವುದಿಲ್ಲ. 1994ರಲ್ಲಿ ಕ್ರ್ಯಾಂಡಲ್ ಮತ್ತು ಫಾಗಿನ್ ಇದಕ್ಕೆ ಕೊಟ್ಟ ಉತ್ತರ ನನಗೆ ತುಂಬಾ ಹಿಡಿಸಿತು. ಮುಚ್ಚಳಗಳು ಎಲ್ಲ ಒಂದೇ ಅಳತೆಯವು ಆಗಬೇಕಿಲ್ಲ. ಕೆಲವು ಒಂದು ಬಿಟ್ ದೊಡ್ಡವು, ಕೆಲವು ಚಿಕ್ಕವು. ಸರಿಯಾದ ತೂಕ ಕೊಟ್ಟರೆ ವೇಗದ ಫೂರಿಯೆ ರೂಪಾಂತರ ಎಂಬ ಗಣಿತದ ವಿಧಾನದಿಂದ ಇಡೀ ಚಕ್ರದ ಗುಣಾಕಾರ ಒಟ್ಟಿಗೇ ಆಗುತ್ತದೆ. ಆ ರೂಪಾಂತರಕ್ಕೆ ಅಂಚಿಲ್ಲದ ಚಕ್ರವೇ ಸಹಜ. ಸುತ್ತಿ ಬರುವುದು ಅದರ ಒಳಗೇ ಇದೆ. ದೊಡ್ಡ ಪರೀಕ್ಷೆಗಳೆಲ್ಲ ಈಗ ನಡೆಯುವುದು ಈ ದಾರಿಯಲ್ಲೇ.

2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಅವರಿಗೆ ಸಿಕ್ಕಿದ ಅವಿಭಾಜ್ಯ ಸಂಖ್ಯೆ 2¹³⁶²⁷⁹⁸⁴¹ − 1. ಅದರಲ್ಲಿ 4,10,24,320 ಅಂಕಿಗಳಿವೆ. ಅದಕ್ಕೂ ಇದೇ ಪರೀಕ್ಷೆ ನಡೆಯಿತು, ಬೇರೆ ಪರೀಕ್ಷೆಗಳ ಜೊತೆಗೆ. 13 ಕೋಟಿ 62 ಲಕ್ಷಕ್ಕೂ ಹೆಚ್ಚು ಮನೆಗಳ ಚಕ್ರ, ಸುತ್ತುಗಳೂ ಹೆಚ್ಚುಕಡಿಮೆ ಅಷ್ಟೇ. ಅದರ ಕೊನೆಯ ಸುತ್ತನ್ನು ನಾನು ಕಾಗದದ ಮೇಲೆ ಮಾಡಿದೆ. 13,62,79,841ಕ್ಕೆ 1 ಕೂಡಿ ಅರ್ಧ ಮಾಡಿದರೆ 6,81,39,921. ಆ ನಂಬರಿನ ಮನೆಯಲ್ಲಿ ಒಂಟಿ ಕಾಯಿ ಇತ್ತು, ಇಲ್ಲವೇ ಆ ಮನೆಯೊಂದೇ ಖಾಲಿ ಇತ್ತು. ಎರಡು ಪಟ್ಟು ಮಾಡಿದರೆ 13,62,79,842. ಚಕ್ರ ಒಂದು ಸಲ ಸುತ್ತಿ 1ನೇ ಮನೆ. ಉಳಿದ ಮನೆಗಳಿಗೆ ಒಂದೊಂದು ಕಾಯಿ.

ಈಗ 31 ಮುಚ್ಚಳಗಳ ಚಕ್ರ ಅಂಟಿಸುತ್ತಿದ್ದೇನೆ. 29 ಸುತ್ತು, ಪೂರ್ತಿ ಕೈಯಲ್ಲೇ. ನಂಬರ್ ಬರೆದಾಗಿದೆ, ಅಂಟು ಒಣಗಬೇಕು.